ಅಟ್ಟದ ಮೇಲೆ ಸಿಕ್ಕ ನಕ್ಷೆ, ತೋಟದಲ್ಲಿ ಯಾರೋ ತೋಡಿದ ಗುಂಡಿ

ಕೊಬ್ಬರಿ ಅಂಗಳ · ಶನಿವಾರ, ರಾತ್ರಿ 9:40

ನಮ್ಮೂರು ತಿಪಟೂರಿನಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆಯ ದಾರಿ. ಹೆಸರು ಹೇಳುವುದಿಲ್ಲ, ಏಕೆಂಬುದು ಓದುತ್ತಾ ಹೋದರೆ ತಿಳಿಯುತ್ತದೆ. 1963ರಲ್ಲಿ ಗ್ರಾಮಾಧಿಕಾರಗಳು ರದ್ದಾಗುವವರೆಗೆ ತಾತ ಅಲ್ಲಿಯ ಜಮೀನು ಲೆಕ್ಕ ಬರೆಯುವ ಶಾನುಭೋಗರಾಗಿದ್ದರು. ಅವರ ಮನೆಯ ಅಟ್ಟಕ್ಕೆ ಗೆದ್ದಲು ಹಿಡಿದಿತ್ತು. ಕಳೆದ ಭಾನುವಾರ ಮೇಸ್ತ್ರಿಯನ್ನು ಕರೆಸಿ ಇಳಿಸಿದೆವು. ಕೊಳಗ, ಮುರಿದ ತೊಟ್ಟಿಲುಗಳ ಹಿಂದೆ ಒಂದು ತಗಡಿನ ಪೆಟ್ಟಿಗೆ. ಅದರಲ್ಲಿ ಹಲಗೆಯಂತೆ ಗಟ್ಟಿಯಾದ, ಕಪ್ಪು ಬಟ್ಟೆಯ, ಹಿಂದೆ ಮುಂದೆ ಮಡಿಚಿದ ಪುಸ್ತಕ. ಮಡಿಕೆಯ ನಡುವೆ ಒಂದು ಕಾಗದ.

ಕಾಗದದಲ್ಲಿ ನಾಲ್ಕು ಸೊನ್ನೆ, ಅವುಗಳನ್ನು ಸೇರಿಸುವ ಗೆರೆಗಳು, ನಡುವೆ ಒಂದು ಚೌಕ. ಗೆರೆಗಳ ಮೇಲೆ ಕ್ರಮವಾಗಿ 12-8, 7-4, 12-2, 7-10. ಕೆಳಗಿನ ಮೂಲೆಯಲ್ಲಿ "ನಿಧಿ ನಿ" ಎಂದಿದೆ. ಮುಂದಿನದನ್ನು ಹುಳ ತಿಂದಿದೆ. ನೆತ್ತಿಯ ಮೇಲೆ ತಾತನ ಅಕ್ಷರದಲ್ಲೇ, "ಯಾರಿಗೂ ತೋರಿಸತಕ್ಕದ್ದಲ್ಲ".

ನೋಡಿದವರು ನಾಲ್ವರು: ನಾನು, ಅತ್ತೆ (ನಿವೃತ್ತ ಶಿಕ್ಷಕಿ), ಚಿಕ್ಕಪ್ಪ, ಮೇಸ್ತ್ರಿ. ಬುಧವಾರ ಬೆಳಿಗ್ಗೆ ತೋಟದ ಮೂಡಲ ಮೂಲೆಯಲ್ಲಿ ಹೊಸ ಗುಂಡಿ! ಅಲ್ಲಿ ಮೊಳಕಾಲೆತ್ತರದ ಒಂದು ಕಲ್ಲಿದೆ. ಅದರ ಮೇಲೆ ಕೊಡೆ ಹಿಡಿದ ಕುಳ್ಳನೊಬ್ಬನ ಕೆತ್ತನೆ. ನಮ್ಮವರು ಅವನನ್ನು ಕೊಡೆಯಪ್ಪ ಎನ್ನುತ್ತಾರೆ. ಗುಂಡಿಯ ಪಕ್ಕದಲ್ಲಿ ಕುಂಕುಮ, ಹೋಳು ಮಾಡಿದ ನಿಂಬೆ. ಅತ್ತೆ ಅಂದಿನಿಂದ ಮೇಸ್ತ್ರಿಗೆ ಕಾಫಿ ಕೊಡುವುದನ್ನು ನಿಲ್ಲಿಸಿದ್ದಾರೆ. ಅವರ ಮಟ್ಟಿಗೆ ತೀರ್ಪು ಆಗಿಹೋಗಿದೆ. ನನಗೆ ಹಾಗೆ ಅನ್ನಿಸುತ್ತಿಲ್ಲ.

ಮಸ್ಕತ್ ಮಾವ · 9:52

12 ರೂಪಾಯಿ 8 ಆಣೆ, 7 ರೂಪಾಯಿ 4 ಆಣೆ. ಎಲ್ಲೆಲ್ಲಿ ಎಷ್ಟೆಷ್ಟು ಹೂತಿಟ್ಟಿದ್ದಾರೆ ಎಂಬ ಲೆಕ್ಕ ಇದು. ಬೆಳ್ಳಿ ರೂಪಾಯಿಗಳಾಗಿರಬೇಕು. ಬೇರೆಯವರು ತೋಡುವ ಮೊದಲು ನೀವೇ ತೋಡಿ. ನಾನು ಇಲ್ಲಿ 44 ಡಿಗ್ರಿಯಲ್ಲಿ ಬೇಯುತ್ತಿದ್ದೇನೆ. ನನಗಾದರೂ ಒಂದು ಸಂತೋಷ ಬೇಡವೇ?

ಕರಿಕೋಟು · 10:05

ತೋಡಬೇಡಿ. ನಿಧಿಯ ಬಗ್ಗೆ 1878ರ ಕೇಂದ್ರ ಕಾಯಿದೆ ಇದೆ, ನಮ್ಮ ರಾಜ್ಯದ್ದೇ ಆದ 1962ರ ಕಾಯಿದೆಯೂ ಇದೆ. ನೆಲದಡಿ ಬೆಲೆಬಾಳುವುದು ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ನಮ್ಮ ತೋಟ, ನಮ್ಮ ತಾತ ಎಂಬ ಮಾತು ನಡೆಯುವುದಿಲ್ಲ. ಕುಂಕುಮ, ನಿಂಬೆಯವರೆಗೆ ಇದ್ದರೆ ಅದು ಬರೀ ಪೆದ್ದುತನ. ಅದಕ್ಕಿಂತ ಮುಂದೆ ಹೋದವರಿಗಾಗಿಯೇ 2017ರ ವಾಮಾಚಾರ ತಡೆ ಕಾಯಿದೆಯಲ್ಲಿ ನಿಧಿಶೋಧದ ಪ್ರಸ್ತಾಪವಿದೆ. ಅದನ್ನು ಸುಮ್ಮನೆ ಬರೆದಿಲ್ಲ.

ಹಳೆಗಲ್ಲು · 10:31

ಕೊಡೆಯಪ್ಪ ಎಂದು ಓದಿದಾಗಲೇ ನಗು ಬಂತು. ಅವನು ವಾಮನ. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಕಮಂಡಲು ಇರಬೇಕು, ನೋಡಿ. ಬ್ರಾಹ್ಮಣರಿಗೆ ಬಿಟ್ಟ ದತ್ತಿ ಭೂಮಿಯ ಎಲ್ಲೆಗೆ ನೆಡುತ್ತಿದ್ದ ವಾಮನಮುದ್ರೆ ಕಲ್ಲು ಅದು. ಶಿವಾಲಯದ ಭೂಮಿಗಾದರೆ ಲಿಂಗಮುದ್ರೆ, ಬಸದಿಗಾದರೆ ಮುಕ್ಕೊಡೆ. ನಾಡಿನ ತುಂಬ ಇವೆ. ನಾಡಿನ ತುಂಬ ಇವುಗಳ ಬುಡವನ್ನು ಅಗೆದೂ ಇದ್ದಾರೆ. ಕಲ್ಲಿನ ಮೇಲೆ ಚಿತ್ರ ಕಂಡರೆ ಅದರಡಿ ಕೊಪ್ಪರಿಗೆ ಇದೆ ಎಂಬುದು ನಮ್ಮ ಜನರ ಅಚಲ ನಂಬಿಕೆ.

ಇನ್ನು "ನಿಧಿ ನಿ". ಹುಳ ತಿಂದದ್ದನ್ನು ನಾನು ಇಲ್ಲಿಂದಲೇ ಓದಿ ಹೇಳುತ್ತೇನೆ: ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷಿಣಿ, ಆಗಾಮಿ, ಸಿದ್ಧ, ಸಾಧ್ಯ. ಅಷ್ಟಭೋಗ ತೇಜಸ್ವಾಮ್ಯ. ವಿಜಯನಗರ ಕಾಲದ ದಾನಶಾಸನಗಳಲ್ಲಿ ಪದೇ ಪದೇ ಬರುವ ಮಾತು. ಈ ನೆಲವನ್ನು ಅದರ ನೀರು, ಕಲ್ಲು, ಈಗಿನ ಮತ್ತು ಮುಂದಿನ ಉತ್ಪತ್ತಿಯ ಸಮೇತ, ಅಡಿಯಲ್ಲಿ ಏನಾದರೂ ಸಿಕ್ಕರೆ ಅದರ ಸಮೇತ ಕೊಟ್ಟಿದ್ದೇವೆ ಎಂದು ಅರ್ಥ. ಇಂದಿನ ಕ್ರಯಪತ್ರದಲ್ಲಿ "ಮಾವು, ಹುಣಿಸೆ, ಬಾವಿ ಸಹಿತ" ಎಂದು ಬರೆಯುವುದಿಲ್ಲವೇ, ಹಾಗೆ. ಪತ್ರದಲ್ಲಿ ಬಾವಿ ಎಂದು ಬರೆದ ಮಾತ್ರಕ್ಕೆ ತೋಟದಲ್ಲಿ ಬಾವಿ ಇರಲೇಬೇಕೆಂದಿಲ್ಲ.

ನಿಮ್ಮೂರಿನ ದೇವಸ್ಥಾನದ ಮುಂದೆ ಶಾಸನವಿದ್ದರೆ ತಾತ ಅದರಿಂದ ನಕಲು ಮಾಡಿಕೊಂಡಿರುತ್ತಾರೆ. ನಾಡಿನ ಶಾಸನಗಳನ್ನು ಸಂಗ್ರಹಿಸಿದ ಬಿ. ಎಲ್. ರೈಸ್ ಅವರ ತುಮಕೂರು ಜಿಲ್ಲೆಯ ಶಾಸನ ಸಂಪುಟ 1904ರಲ್ಲೇ ಅಚ್ಚಾಗಿದೆ, ಹುಡುಕಿ ನೋಡಿ.

ಮಸ್ಕತ್ ಮಾವ · 10:40

ಅಡಿಯಲ್ಲಿ ಸಿಕ್ಕರೆ ಅದರ ಸಮೇತ ಎಂದು ನೀವೇ ಬರೆದಿದ್ದೀರಿ.

ಹಳೆಗಲ್ಲು · 10:44

ಅದೇ ಶಾಸನಗಳ ಕೊನೆಯ ಸಾಲನ್ನೂ ಓದಿ. ದಾನ ಕೊಟ್ಟ ನೆಲವನ್ನು ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಮಲದಲ್ಲಿ ಹುಳುವಾಗಿ ಹುಟ್ಟುತ್ತಾನೆ ಎಂದಿರುತ್ತದೆ. ಒಬ್ಬ ಮಹಾಶಯರು ಆ "ಷಷ್ಟಿರ್ವರ್ಷ ಸಹಸ್ರಾಣಿ"ಯನ್ನು ಅರವತ್ತು ಸಾವಿರ ವರಹ ಎಂದು ಓದಿಕೊಂಡು ನನ್ನ ಹತ್ತಿರ ಬಂದಿದ್ದರು. ಅರ್ಥ ಹೇಳಿದ ಮೇಲೆ ಮತ್ತೆ ಬರಲಿಲ್ಲ.

ಸರಪಳಿ ಹಿಡಿದವನು · ಭಾನುವಾರ, ಬೆಳಿಗ್ಗೆ 6:15

ಭೂಮಾಪನ ಇಲಾಖೆಯಲ್ಲಿ 34 ವರ್ಷ ಕೆಲಸ ಮಾಡಿ ನಿವೃತ್ತನಾಗಿದ್ದೇನೆ. 12-8 ಎಂದರೆ ರೂಪಾಯಿಯಲ್ಲ, ಆದರೆ 8 ಎಂಬುದು ಆಣೆಯೇ. ಸರ್ವೆ ಟಿಪ್ಪಣಿಯ ಅಳತೆ ಅದು: 12 ಚೈನು 8 ಆಣೆ. ಒಂದು ಚೈನಿಗೆ 33 ಅಡಿ, ಅದರ ಹದಿನಾರನೆಯ ಒಂದು ಪಾಲು ಒಂದು ಆಣೆ, ಎಂದರೆ ಎರಡು ಅಡಿಗಿಂತ ಮುಕ್ಕಾಲು ಅಂಗುಲ ಹೆಚ್ಚು. ನಿಮ್ಮ ಮೊದಲ ಗೆರೆ 412 ಅಡಿ 6 ಅಂಗುಲ ಆಯಿತು.

ಈ ಅಳತೆಯ ಸೊಗಸು ಏನೆಂದರೆ ಚೈನನ್ನು ಚೈನಿನಿಂದ ಗುಣಿಸಿದರೆ ನೇರವಾಗಿ ಗುಂಟೆ ಬರುತ್ತದೆ. ಎದುರುಬದುರು ಗೆರೆಗಳ ಸರಾಸರಿ ತೆಗೆದು ಗುಣಿಸಿದೆ. 91 ಗುಂಟೆ ಚಿಲ್ಲರೆ ಬಂತು. ನಲವತ್ತರಿಂದ ಭಾಗಿಸಿದರೆ 2 ಎಕರೆ 11 ಗುಂಟೆ. ನಿಮ್ಮ ತೋಟ ಎಷ್ಟು?

ಇನ್ನೊಂದು ಕೆಲಸ ಮಾಡಿ. ಆ ಗುಂಡಿ ಕಲ್ಲಿನಿಂದ ಎಷ್ಟು ದೂರದಲ್ಲಿದೆ ಎಂದು ಟೇಪು ಹಿಡಿದು ಅಳೆದು ಹೇಳಿ. ಕಣ್ಣಂದಾಜು ಬೇಡ.

ಬಳಪ · 7:02

ಆ ಕಪ್ಪು ಪುಸ್ತಕದ ಬಗ್ಗೆ ಯಾರೂ ಕೇಳಲಿಲ್ಲವಲ್ಲ! ಅದು ಕಡತ. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಲಿನ ಪುಡಿಯನ್ನೂ ಬಳಿದು, ಒಣಗಿಸಿ, ಮತ್ತೆ ಬಳಿದು ಮಾಡುತ್ತಿದ್ದರು. ಅದರ ಮೇಲೆ ಬಳಪದಲ್ಲಿ ಬರೆಯುತ್ತಿದ್ದರು. ಬೇಡವಾದರೆ ಒರೆಸಿ ಮತ್ತೆ ಬರೆಯಬಹುದಿತ್ತು. ಇವತ್ತಿಗೂ ಸರ್ಕಾರಿ ಕಚೇರಿಯಲ್ಲಿ ಕಡತ ಎನ್ನುತ್ತಾರೆ. ಪದ ಉಳಿಯಿತು, ಬಟ್ಟೆ ಹೋಯಿತು. ನಿಮ್ಮ ಕಡತದಲ್ಲಿ ಏನು ಬರೆದಿದೆ? ದಯವಿಟ್ಟು ನೀರು ಮಾತ್ರ ಸೋಕಿಸಬೇಡಿ.

ಕೊಬ್ಬರಿ ಅಂಗಳ · 8:20

ಹೇಳಲು ನಾಚಿಕೆಯಾಗುತ್ತಿದೆ. ಧೂಳು ಹಿಡಿದಿತ್ತೆಂದು ಕಳೆದ ಭಾನುವಾರವೇ ಬಚ್ಚಲಿನ ಒಗೆಯುವ ಕಲ್ಲಿನ ಮೇಲಿಟ್ಟು ಮೊದಲ ಎರಡು ಮಗ್ಗುಲನ್ನು ಒದ್ದೆ ಬಟ್ಟೆಯಿಂದ ಒರೆಸಿಬಿಟ್ಟೆ. ಬಿಳಿ ನೀರು ಇಳಿಯಿತು. ಕೊಳೆ ಹೋಗುತ್ತಿದೆ ಎಂದು ಸಂತೋಷಪಟ್ಟೆ. ಆ ಕಲ್ಲು ನಾನು ಹುಟ್ಟಿದಾಗಿನಿಂದ ಅಲ್ಲಾಡುತ್ತದೆ. ಅದು ವಾಲಿದಾಗ ಒಂದಿಷ್ಟು ನೀರು ಒಳಗಿನ ಮಡಿಕೆಗೂ ಹರಿಯಿತು.

ಬಳಪ · 8:24

ಅಯ್ಯೋ ದೇವರೇ. ಅದು ಕೊಳೆಯಲ್ಲ, ನಿಮ್ಮ ತಾತ.

ಉಳಿದ ಮಗ್ಗುಲುಗಳನ್ನು ಪೂರ್ತಿ ಒಣಗಲು ಬಿಡಿ. ಆಮೇಲೆ ಕತ್ತಲ ಕೋಣೆಯಲ್ಲಿ ಟಾರ್ಚನ್ನು ಬದಿಯಿಂದ, ಕಡತಕ್ಕೆ ಸಮನಾಗಿ ಹಿಡಿದು ನೋಡಿ. ಬಳಪ ಹೋದರೂ ಅದು ಒತ್ತಿದ ಗೀರು ಕೆಲವೊಮ್ಮೆ ಉಳಿದಿರುತ್ತದೆ.

ಕೊಬ್ಬರಿ ಅಂಗಳ · 11:30

ಗುಂಡಿ ಅಳೆದು ಬಂದೆ. ಕಲ್ಲಿನ ನಡುಮಧ್ಯದಿಂದ ಗುಂಡಿಯ ನಡುಮಧ್ಯಕ್ಕೆ 12 ಅಡಿ 8 ಅಂಗುಲ. ಎರಡು ಸಲ ಅಳೆದೆ.

ಸರಪಳಿ ಹಿಡಿದವನು · 11:41

ಅಂದುಕೊಂಡಂತೆಯೇ ಆಯಿತು. ಅಗೆದವನು ಕಲ್ಲನ್ನು ನೋಡಿ ಬಂದವನಲ್ಲ, ಕಾಗದವನ್ನು ನೋಡಿದವನು. ಅದನ್ನು ಅಡಿ-ಅಂಗುಲ ಎಂದು ಓದಿಕೊಂಡಿದ್ದಾನೆ. ನಾಲ್ವರಲ್ಲಿ ಒಬ್ಬರು.

ಅಡುಗೆಮನೆ ಕಿಟಕಿ · 11:58

ಅಡಿ-ಅಂಗುಲ ಎಂದ ಕೂಡಲೇ ಎಲ್ಲರೂ ಮೇಸ್ತ್ರಿಯ ಕಡೆ ತಿರುಗುತ್ತೀರಿ, ನನಗೆ ಗೊತ್ತು. ಸ್ವಲ್ಪ ತಡೆಯಿರಿ. ನನಗೆ ಎರಡು ಪ್ರಶ್ನೆಗಳಿವೆ. ಗುಂಡಿ ಹೇಗಿದೆ? ಉದ್ದ, ಅಗಲ, ಆಳ, ಮಣ್ಣನ್ನು ಎಲ್ಲಿ ಹಾಕಿದ್ದಾರೆ, ಎಲ್ಲ ಹೇಳಿ. ಎರಡನೆಯದು, ಆ ನಿಂಬೆಹಣ್ಣು ಹೇಗಿತ್ತು?

ನಮ್ಮ ತವರಿನ ಹತ್ತಿರ ಹಾಸನದ ಕಡೆ ವೀರಗಲ್ಲೊಂದನ್ನು ಒಂದೇ ರಾತ್ರಿಯಲ್ಲಿ ಕೆಡವಿದರು. ಅಂಥವರು ತೋಡಿದ ಗುಂಡಿಯನ್ನು ಕಣ್ಣಾರೆ ಕಂಡಿದ್ದೇನೆ. ನಾಯಿ ಕೆದರಿದ ಹಾಗೆ ಇರುತ್ತದೆ. ಮಣ್ಣು ನಾಲ್ಕೂ ಕಡೆ ಚೆಲ್ಲಿರುತ್ತದೆ, ಕಲ್ಲು ಉರುಳಿರುತ್ತದೆ. ಹೆದರಿಕೊಂಡು ಅಗೆಯುವವನಿಗೆ ನೀಟು ಎಲ್ಲಿಂದ ಬರಬೇಕು?

ಕೊಬ್ಬರಿ ಅಂಗಳ · ಮಧ್ಯಾಹ್ನ 1:15

ಗುಂಡಿ ಮೂರು ಅಡಿ ಉದ್ದ, ಮೂರು ಅಡಿ ಅಗಲ, ಆಳವೂ ಮೂರೇ ಅಡಿ. ಅಂಚು ಕತ್ತರಿಸಿದಂತಿದೆ. ಮೇಲ್ಮಣ್ಣು ಒಂದು ಕಡೆ, ಕೆಳಗಿನ ಕೆಂಪು ಗೊರಜು ಇನ್ನೊಂದು ಕಡೆ, ಎರಡು ಬೇರೆ ಬೇರೆ ಗುಡ್ಡೆ.

ನಿಂಬೆಯನ್ನು ನಾನು ಸರಿಯಾಗಿ ನೋಡಿರಲಿಲ್ಲ. ಅತ್ತೆ ಮುಟ್ಟಲು ಬಿಟ್ಟಿರಲಿಲ್ಲ. ಈಗ ಹೋಗಿ ಕಡ್ಡಿಯಿಂದ ಹೊರಳಿಸಿದೆ. ಅದು ನಿಂಬೆಯಲ್ಲ. ಮುಷ್ಟಿಗಿಂತ ದೊಡ್ಡದು, ಸಿಪ್ಪೆ ದಪ್ಪ, ಮೇಲೆಲ್ಲ ಗಂಟು ಗಂಟು. ಹೇರಳೆಕಾಯಿ.

ಅಡುಗೆಮನೆ ಕಿಟಕಿ · 1:22

ಹೇರಳೆಕಾಯಿ! ಉಪ್ಪಿನಕಾಯಿಗೆ ಹಾಕುವ ಹೇರಳೆಕಾಯಿಯನ್ನು ಹೋಳು ಮಾಡಿ ಯಾವ ಮಂತ್ರವಾದಿ ನಿಧಿ ತೆಗೆಯುತ್ತಾನೆ? ಅಂಗಡಿಗೆ ಹೋಗಿ ನಿಂಬೆಹಣ್ಣು ಕೊಂಡರೆ ಊರಿಗೆಲ್ಲ ಗೊತ್ತಾಗುತ್ತದೆ ಎಂದು ಹೆದರಿದವರು, ಹಿತ್ತಲಲ್ಲಿ ಇದ್ದದ್ದನ್ನು ಕಿತ್ತುಕೊಂಡು ಹೋಗಿದ್ದಾರೆ. ನಿಮ್ಮೂರಲ್ಲಿ ಹೇರಳೆ ಮರ ಯಾರ ಹಿತ್ತಲಲ್ಲಿದೆ?

ಆ ಗುಂಡಿಯ ಬಗ್ಗೆ ನಾನು ಹೇಳಬೇಕೇ? ತಿಪಟೂರು ಸೀಮೆಯವರು ನೀವು. ಮೂರು ಅಡಿ ಚೌಕ, ಮೂರು ಅಡಿ ಆಳ, ಮೇಲ್ಮಣ್ಣು ಬೇರೆ, ಗೊರಜು ಬೇರೆ. ಆ ಕೈ ಎಷ್ಟು ಸಾವಿರ ತೆಂಗಿನ ಸಸಿ ನೆಟ್ಟಿದೆಯೋ.

ಮಸ್ಕತ್ ಮಾವ · 1:30

ಚಿಕ್ಕಪ್ಪ!

ಕೊಬ್ಬರಿ ಅಂಗಳ · ರಾತ್ರಿ 8:50

ಸಂಜೆ ಚಿಕ್ಕಪ್ಪನ ಮನೆಗೆ ಹೋಗಿದ್ದೆ. ಊರಿನಲ್ಲಿ ಹೇರಳೆ ಮರ ಇರುವುದು ಎರಡು ಕಡೆ: ಅವರ ಹಿತ್ತಲಲ್ಲಿ ಮತ್ತು ಮಠದ ಹಿಂದೆ. ನಾನು ಏನೂ ಕೇಳಲಿಲ್ಲ. ಚಿಕ್ಕಮ್ಮ ಮೊಸರನ್ನದ ಜೊತೆ ಹೇರಳೆಕಾಯಿ ಉಪ್ಪಿನಕಾಯಿ ಬಡಿಸಿದರು. ನಾನು ಉಪ್ಪಿನಕಾಯಿಯನ್ನು ನೋಡಿದೆ, ಚಿಕ್ಕಪ್ಪ ನನ್ನನ್ನು ನೋಡಿದರು. ಅವರ ಎರಡೂ ಅಂಗೈಯಲ್ಲಿ ಹೊಸ ಬೊಬ್ಬೆ. ವಯಸ್ಸು ಎಪ್ಪತ್ತು ದಾಟಿದೆ, ಸಕ್ಕರೆ ಕಾಯಿಲೆ ಬೇರೆ.

"ಮೇಸ್ತ್ರಿಗೆ ಹೇಳಬೇಡ" ಎಂದರು. "ಮೇಸ್ತ್ರಿಗೆ ಕಾಫಿ ಸಿಗದೆ ಐದು ದಿನವಾಯಿತು" ಎಂದೆ. ಅಷ್ಟು ಹೊತ್ತು ಗಟ್ಟಿಯಾಗಿದ್ದವರು ಆ ಮಾತಿಗೆ ತಲೆ ತಗ್ಗಿಸಿದರು.

ಅವರಿಗೆ ಹತ್ತು ವರ್ಷವಿದ್ದಾಗ, ಅಧಿಕಾರ ಹೋದ ವರ್ಷವೇ, ಒಂದು ರಾತ್ರಿ ತಾತ ಅಜ್ಜಿಯ ಹತ್ತಿರ "ಈ ಕಾಗದ ಹೊರಗೆ ಬಿದ್ದರೆ ನಮ್ಮ ಕಥೆ ಮುಗಿಯಿತು" ಎಂದದ್ದನ್ನು ನಿದ್ದೆ ಬಂದವರಂತೆ ಮಲಗಿ ಕೇಳಿಸಿಕೊಂಡಿದ್ದರಂತೆ. ಅಂದಿನಿಂದ ಅದು ನಿಧಿಯ ಕಾಗದವೆಂದೇ ಅವರ ನಂಬಿಕೆ. ಕುಂಕುಮ ಏಕೆ ಎಂದು ಕೇಳಿದೆ. "ಎಲ್ಲರೂ ಇಡುತ್ತಾರಲ್ಲ" ಎಂದರು.

ಮೇಸ್ತ್ರಿಯ ಮನೆಗೆ ಅತ್ತೆಯನ್ನು ಕರೆದುಕೊಂಡು ಹೋಗಿದ್ದೆ. ಅತ್ತೆ ಕ್ಷಮೆ ಕೇಳುವ ಜನವಲ್ಲ. ಥರ್ಮಾಸ್ ಫ್ಲಾಸ್ಕಿನಲ್ಲಿ ಕಾಫಿ ತುಂಬಿಕೊಂಡು ಬಂದು ಜಗಲಿಯ ಮೇಲಿಟ್ಟು, "ಸಕ್ಕರೆ ಸರಿಯಾಗಿದೆಯೇ ನೋಡಿ" ಎಂದರು. ಅವರು ಕುಡಿದು, "ಸ್ವಲ್ಪ ಕಡಿಮೆ" ಎಂದರು. ಅಲ್ಲಿಗೆ ಆಯಿತು.

ಕರಿಕೋಟು · 9:10

ತಾತ ಹಾಗೆ ಹೇಳಿದ್ದು ಏಕೆ? ಚಿನ್ನವಿದ್ದರೆ "ಕಥೆ ಮುಗಿಯಿತು" ಎನ್ನುವುದಿಲ್ಲ. ಆ ಮಾತಿನಲ್ಲಿ ಭಯವಿದೆ.

ಸರಪಳಿ ಹಿಡಿದವನು · 9:25

ನನಗೂ ಅದೇ ಅನುಮಾನ. ಬೆಳಿಗ್ಗೆಯಿಂದ ನನ್ನ ಪ್ರಶ್ನೆಗೆ ಉತ್ತರ ಬಂದಿಲ್ಲ. ಪಹಣಿಯಲ್ಲಿ ತೋಟ ಎಷ್ಟಿದೆ?

ಕೊಬ್ಬರಿ ಅಂಗಳ · 9:33

2 ಎಕರೆ 14 ಗುಂಟೆ.

ಸರಪಳಿ ಹಿಡಿದವನು · 9:48

ನಕ್ಷೆಯ ಪ್ರಕಾರ 11 ಗುಂಟೆ ಚಿಲ್ಲರೆ, ಪಹಣಿಯ ಪ್ರಕಾರ 14. ಮೂಲೆಗಳು ಸೊಟ್ಟಗಿದ್ದರೆ ಲೆಕ್ಕ ಕಡಿಮೆಯಾಗಬಹುದೇ ಹೊರತು ಹೆಚ್ಚಾಗುವುದಿಲ್ಲ. ಆದ್ದರಿಂದ ಕನಿಷ್ಠ ಎರಡು ಗುಂಟೆ ಚಿಲ್ಲರೆ ಎಲ್ಲಿಂದಲೋ ಬಂದಿದೆ. 2,600 ಚದರ ಅಡಿಗೂ ಹೆಚ್ಚು. ನಾಲ್ಕು ಸೊನ್ನೆ ನಾಲ್ಕು ಮೂಲೆಯ ಕಲ್ಲು, ನಡುವಿನ ಚೌಕ ಬಾವಿ. ನಾಳೆ ಬೆಳಕಿನಲ್ಲಿ ಮೂಡಲ ಕಲ್ಲಿನಿಂದ ಹೊರಟು ಉಳಿದ ಮೂರನ್ನು ಹುಡುಕಿ. ಎಲ್ಲ ಸಿಗುವುದಿಲ್ಲ ಎಂದು ನನಗನ್ನಿಸುತ್ತದೆ.

ಮೈಸೂರು ರಾಜ್ಯದಲ್ಲಿ 1954ರ ಇನಾಂ ರದ್ದತಿ ಕಾಯಿದೆ ಬಂದಾಗ ಯಾವ ನೆಲ ಹಳೆಯ ದತ್ತಿಯದು, ಯಾವುದು ಅಲ್ಲ ಎಂಬ ಲೆಕ್ಕ ಮನೆ ಮನೆಯಲ್ಲೂ ನಡೆದಿತ್ತು. ಶಾಸನದ ಸಾಲನ್ನು ನಕಲು ಮಾಡಿಕೊಂಡದ್ದು ಆಗಲೇ ಇರಬೇಕು. ಅಳೆಯಲು ಕೂತವರಿಗೆ ತಮ್ಮ ಮನೆಯ ತಪ್ಪೇ ಸಿಕ್ಕಿರಬೇಕು.

ಹಳೆಗಲ್ಲು · 10:02

ವಿಷಯಾಂತರ, ಆದರೂ ಹೇಳಿಬಿಡುತ್ತೇನೆ. ಸರ್ವೆಯವರ ಗುರುತನ್ನೂ ಜನ ಬಿಟ್ಟಿಲ್ಲ. ಬಂಡೆಯ ಮೇಲೆ ಬಾಣದ ಗುರುತು, ಜತೆಗೆ ಜಿಟಿಎಸ್ ಎಂಬ ಅಕ್ಷರ ಇದ್ದರೆ ಅದು ತ್ರಿಕೋನಮಿತಿ ಸರ್ವೆಯವರು ಎತ್ತರ ಗುರುತಿಸಿದ ಜಾಗ. 1800ರಲ್ಲಿ ಲ್ಯಾಂಬ್ಟನ್ ಎಂಬ ಸರ್ವೆ ಅಧಿಕಾರಿ ಬೆಂಗಳೂರಿನ ಬಳಿ ಆಧಾರರೇಖೆ ಎಳೆದ ಕಾಲದಿಂದ ಬಂದ ಪರಂಪರೆ. ಬಾಣ ತೋರಿಸಿದ ದಿಕ್ಕಿಗೆ ಬಂಡೆ ಒಡೆದಿರುವುದನ್ನು ನೋಡಿದ್ದೇನೆ.

ಕೊಬ್ಬರಿ ಅಂಗಳ · ಸೋಮವಾರ, ರಾತ್ರಿ 7:30

ಮೂಡಲು, ತೆಂಕಲು, ಪಡುವಲು, ಮೂರೂ ಕಡೆ ಕಲ್ಲು ಸಿಕ್ಕಿತು. ಪಡುವಲಿನದು ಲಂಟಾನದ ಪೊದೆಯೊಳಗೆ ಕುತ್ತಿಗೆವರೆಗೆ ಹೂತಿತ್ತು. ಬಾವಿಯೂ ನಕ್ಷೆ ಹೇಳಿದಲ್ಲೇ ಇದೆ, ಕಸ ತುಂಬಿದೆ. ಬಡಗಲ ಮೂಲೆಯಲ್ಲಿ ಏನೂ ಇಲ್ಲ. ಅಳತೆಯ ಪ್ರಕಾರ ಅದು ಬೇಲಿಗಿಂತ ಸಾಕಷ್ಟು ಒಳಗೆ, ನಮ್ಮ ಐದು ಫಲದ ಮರಗಳ ಈಚೆಗೇ ಇರಬೇಕಿತ್ತು.

ಆಮೇಲೆ ಕಡತ. ಕೋಣೆಯ ಕಿಟಕಿಗೆ ಕಂಬಳಿ ಹೊದಿಸಿ, ಬಳಪ ಅವರು ಹೇಳಿದಂತೆ ಟಾರ್ಚನ್ನು ಅಡ್ಡ ಹಿಡಿದೆ. ನಾನು ತೊಳೆದ ಮಗ್ಗುಲುಗಳಲ್ಲಿ ಏನೂ ಉಳಿದಿಲ್ಲ. ಕೊನೆಯ ಮಡಿಕೆಯಲ್ಲಿ ಕಪ್ಪಿನೊಳಗೆ ಕಪ್ಪು ಗೀರು ಕಂಡಿತು. ಅತ್ತೆ ಕನ್ನಡಕ ಏರಿಸಿಕೊಂಡು ಒಂದೊಂದೇ ಅಕ್ಷರ ಕೂಡಿಸಿ ಓದಿದರು: "ಮೂಡಣ ಕಲ್ಲು 1. ತೆಂಕಣ ಕಲ್ಲು 1. ಪಡುವಣ ಕಲ್ಲು 1. ಬಡಗಣ ಕಲ್ಲು ತೀರ್ಥರೂಪರ ಕಾಲದಿಂದ ಮನೆಯಲ್ಲಿ."

ಮನೆಯಲ್ಲಿ! ಇಡೀ ಮನೆಯನ್ನು ಮನಸ್ಸಿನಲ್ಲೇ ಸುತ್ತಿದೆ. ಹೊಸ್ತಿಲು, ಒರಳು, ತುಳಸಿಕಟ್ಟೆ. ಅತ್ತೆ ಏನೂ ಮಾತಾಡದೆ ಎದ್ದು ಹಿತ್ತಲಿಗೆ ನಡೆದರು.

ಅಡುಗೆಮನೆ ಕಿಟಕಿ · 7:36

ಒಗೆಯುವ ಕಲ್ಲು. ಅಲ್ಲಾಡುತ್ತದೆ ಎಂದು ನೀವು ನಿನ್ನೆ ಬರೆದದ್ದು ಆಗಲೇ ಕೊರೆಯುತ್ತಿತ್ತು. ಅಡಿ ಮಟ್ಟಸವಾಗಿದ್ದರೆ ಇಷ್ಟು ವರ್ಷ ಏಕೆ ಅಲ್ಲಾಡಬೇಕು?

ಕೊಬ್ಬರಿ ಅಂಗಳ · 8:45

ಮೇಸ್ತ್ರಿ, ಚಿಕ್ಕಪ್ಪ, ನಾನು ಮೂವರೂ ಸೇರಿ ಹಾರೆ ಹಾಕಿ ಮಗುಚಿದೆವು. ಅಡಿಯೆಲ್ಲ ಹಸಿರು ಪಾಚಿ, ಸೋಪಿನ ಗಸಿ. ಅತ್ತೆ ತೆಂಗಿನ ನಾರಿನಿಂದ ತಿಕ್ಕಿದರು. ಮೊದಲು ಕೊಡೆಯ ಕಮಾನು ಬಂತು, ಆಮೇಲೆ ಗುಂಡು ಹೊಟ್ಟೆ, ಆಮೇಲೆ ಕಮಂಡಲು. ಮೂಗು ಮಾತ್ರ ಸವೆದಿದೆ. ಅದರ ಮೇಲೇ ಕಲ್ಲು ಅಲ್ಲಾಡುತ್ತಿದ್ದದ್ದು. ಮೂರು ತಲೆಮಾರಿನ ಬಟ್ಟೆಯನ್ನು ವಾಮನನ ಬೆನ್ನಿನ ಮೇಲೆ ಬಡಿದಿದ್ದೇವೆ.

ಊರಿನ ಎಲ್ಲರ ಎಲ್ಲೆ ಹೇಳಬೇಕಾದ ಶಾನುಭೋಗರ ಮನೆಯ ಬಚ್ಚಲಲ್ಲೇ ಎಲ್ಲೆಯ ಕಲ್ಲು. ತಾತ ಹೆದರಿದ್ದು ಏಕೆಂದು ಚಿಕ್ಕಪ್ಪನಿಗೆ ಈಗ ಅರ್ಥವಾಯಿತು. ಬಹಳ ಹೊತ್ತು ಬಚ್ಚಲಿನ ಮೆಟ್ಟಿಲ ಮೇಲೆ ಕೂತಿದ್ದರು.

ಹಳೆಗಲ್ಲು · 8:58

ಚಿತ್ರ ಕಳುಹಿಸಿ. ಸೀಗೆಪುಡಿ, ಆಮ್ಲ ಏನನ್ನೂ ಹಾಕಬೇಡಿ. ಅಂಚಿನಲ್ಲಿ ಅಕ್ಷರವಿದ್ದರೂ ಇರಬಹುದು.

ಕರಿಕೋಟು · 9:15

ನೂರು ವರ್ಷ ದಾಟಿದ ಶಿಲ್ಪ 1972ರ ಪುರಾವಸ್ತು ಕಾಯಿದೆಯ ವ್ಯಾಪ್ತಿಗೆ ಬರುತ್ತದೆ. ಮಾರುವ ಯೋಚನೆ ಯಾರಿಗಾದರೂ ಇದ್ದರೆ ಈಗಲೇ ಬಿಡಲಿ. ಪುರಾತತ್ವ ಇಲಾಖೆಗೆ ಒಂದು ಪತ್ರ, ತಹಶೀಲ್ದಾರರಿಗೆ ಅದರ ಪ್ರತಿ. ಎರಡು-ಮೂರು ಗುಂಟೆಯ ವಿಷಯಕ್ಕೆ ಇಷ್ಟು ವರ್ಷಗಳ ನಂತರ ನ್ಯಾಯಾಲಯದಲ್ಲಿ ನಿಮ್ಮನ್ನು ಅಲ್ಲಾಡಿಸುವುದು ಕಷ್ಟ. ಮನೆಯೊಳಗೆ ಏನು ಮಾಡುತ್ತೀರೋ ಅದು ನಿಮಗೆ ಬಿಟ್ಟದ್ದು.

ಕೊಬ್ಬರಿ ಅಂಗಳ · ಗುರುವಾರ, ಸಂಜೆ 6:10

ಪತ್ರ ಹಾಕಿದ್ದೇವೆ. ಅತ್ತೆ ಪಕ್ಕದ ತೋಟದವರ ಮನೆಗೆ ಹೋಗಿ ಎಲ್ಲ ಹೇಳಿಬಂದರು. ಅವರ ಮನೆಯ ಅಜ್ಜಿ ನಕ್ಕು, "ನಮ್ಮ ಮಾವ ಸಾಯುವವರೆಗೂ ಹೇಳುತ್ತಿದ್ದರು, ಯಾರೂ ನಂಬಲಿಲ್ಲ" ಎಂದರಂತೆ. ಈ ಕೊಯ್ಲಿನಿಂದ ಆ ಐದು ಮರದ ಕಾಯಿ ಅವರಿಗೆ. ದಾಖಲೆ ತಿದ್ದುವ ಮಾತು ಯುಗಾದಿಯ ನಂತರ. ಸದ್ಯಕ್ಕೆ ವಾಮನ ತುಳಸಿಕಟ್ಟೆಯ ಪಕ್ಕದಲ್ಲಿ ಒರಗಿಕೊಂಡಿದ್ದಾನೆ. ಬಟ್ಟೆ ಒಗೆಯುವುದು ಎಲ್ಲಿ ಎಂದು ಅತ್ತೆ ದಿನಕ್ಕೆ ಎರಡು ಸಲ ಕೇಳುತ್ತಾರೆ.

ಗುಂಡಿಯನ್ನು ಮುಚ್ಚಲಿಲ್ಲ. ಹೇಗೂ ಅಳತೆಗೆ ಸರಿಯಾಗಿ ತೋಡಿಯಾಗಿದೆ ಎಂದು ಚಿಕ್ಕಪ್ಪ ಗೊಬ್ಬರ, ಉಪ್ಪು ಹಾಕಿ ಒಂದು ತಿಪಟೂರು ಟಾಲ್ ಸಸಿ ನೆಟ್ಟಿದ್ದಾರೆ.

ಸರಪಳಿ ಹಿಡಿದವನು · 6:32

ಕಲ್ಲಿನಿಂದ 12 ಅಡಿ 8 ಅಂಗುಲದಲ್ಲಿ ತೆಂಗು ನೆಡುತ್ತಾರೆಯೇ? ಬುಡ ಅಗೆಯುವಾಗ ಕಲ್ಲು ಅಲ್ಲಾಡೀತು. ಆಗ ಮೂಡಲ ಎಲ್ಲೆಯೂ ಹೋಯಿತು. ಕಿತ್ತು ಬೇರೆ ಕಡೆ ನೆಡಲು ಹೇಳಿ.

ಕೊಬ್ಬರಿ ಅಂಗಳ · 6:50

ಹೇಳಿದೆ. ಒಪ್ಪುತ್ತಿಲ್ಲ.